ನೀಲಿ ನೀರಿನ ಬಕೆಟ್ಟು

ನಮ್ಮೂರಿನಲ್ಲಿ ಯಾರನ್ನಾದರೂ ನಿಮ್ಮ ಮನೆ ಎಷ್ಟನೇ ಅಂತಸ್ತಿನಲ್ಲಿದೆ ಎಂದು ಕೇಳಿದರೆ, ಈ ವರ್ಷದ್ದು ಕೇಳುತ್ತೀರೋ ಹೋದ ವರ್ಷದ್ದೋ ಎಂದು ತಿರುಗಿ ಕೇಳುತ್ತಾರೆ. ಹೊರಗಿನವರಿಗೆ ಇದು ಸೊಕ್ಕಿನ ಮಾತಾಗಿ ಕೇಳಿಸುತ್ತದೆ. ಸೊಕ್ಕೇನಿಲ್ಲ. ಕಾರಹುಣ್ಣಿಮೆಯ ಮರುದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಕಟ್ಟಡಗಳೆಲ್ಲ ಒಮ್ಮೆ ಹೊರಳುತ್ತವೆ. ಮೇಲಿದ್ದ ಮನೆ ಕೆಳಗೆ, ಕೆಳಗಿದ್ದದ್ದು ನಡುವೆ, ನಡುವೆ ಇದ್ದದ್ದು ಇನ್ನೆಲ್ಲಿಗೋ. ಉಪ್ಪಿನಕಾಯಿ ಭರಣಿಯ ಮುಚ್ಚಳ ಕೂಡ ಅಲುಗುವುದಿಲ್ಲ, ಮಲಗಿದವರ ನಿದ್ದೆ ಕೆಡುವುದಿಲ್ಲ. ಎದ್ದು ಬಾಲ್ಕನಿಗೆ ಬಂದು ಹೊರಗೆ ನೋಡಿದಾಗಲೇ ಗೊತ್ತಾಗುವುದು, ಈ ಸಲ ನಮ್ಮ ಪಾಲಿಗೆ ಯಾವ ಅಂತಸ್ತು ಬಂತು ಎಂದು.

ನಮ್ಮ ಕಟ್ಟಡಕ್ಕೆ ಐದು ಅಂತಸ್ತು, ಅಂತಸ್ತಿಗೊಂದು ಮನೆ. ಎದುರಿಗೆ ಒಂದು ಹುಣಸೆ ಮರ. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು, ಮರ ನೋಡಿಯೇ ಮನೆ ಗುರುತಿಸುತ್ತೇನೆ. ಬೊಡ್ಡೆ ಕಂಡರೆ ತಳದ ಮನೆ. ಕವಲು ಕಂಡರೆ ಅದರ ಮೇಲಿನದು. ಅಳಿಲಿನ ಪೊಟರೆ ಕಂಡರೆ ನಟ್ಟನಡುವಿನದು, ಬರೀ ಎಲೆ ಕಂಡರೆ ಅದಕ್ಕೂ ಮೇಲಿನದು. ಕಾಗೆಯ ಗೂಡು ಕಂಡರೆ ತುದಿ. ತುದಿಯ ಮನೆ ಬಂತೆಂದರೆ ಆ ವರ್ಷ ರಾಜ್ಯಭಾರ ಬಂದ ಹಾಗೆ. ಅಲ್ಲಿ ಬಾಲ್ಕನಿ ತೊಳೆದ ನೀರು ನಾಲ್ಕು ಮನೆಗಳ ನೆತ್ತಿಯ ಮೇಲೆ ಇಳಿಯುತ್ತದೆ, ತೊಳೆದವರ ನೆತ್ತಿಯ ಮೇಲೆ ಮುಗಿಲು ಮಾತ್ರ.

ಅದಕ್ಕಾಗಿಯೇ ಹಿರಿಯರು ಒಂದು ಪದ್ಧತಿ ಇಟ್ಟಿದ್ದಾರೆ. ನೀರು ಹಾಕುವ ಮೊದಲು ಸೌಟಿನಿಂದ ಬಾಲ್ಕನಿಯ ಕಬ್ಬಿಣದ ಸರಳಿಗೆ ಮೂರು ಸಲ ಬಡಿಯಬೇಕು. ಕೆಳಗಿನವರು ಬಟ್ಟೆ, ಹಪ್ಪಳ, ಹಾಸಿಗೆ, ಹೊರಗೆ ಕೂತ ಮುದುಕರು, ಎಲ್ಲವನ್ನೂ ಒಳಗೆ ತೆಗೆದುಕೊಂಡು ತಿರುಗಿ ಎರಡು ಸಲ ಬಡಿಯುತ್ತಾರೆ. ಎರಡು ಬಡಿದರೆ ನೀರು ಸುರುವು ಎಂದರ್ಥ, ಒಂದೇ ಬಡಿದರೆ ತಡಿ ಎಂದರ್ಥ. ತಿಳಿದವರು ಅಷ್ಟಕ್ಕೂ ಹೋಗುವುದಿಲ್ಲ. ಕಸವನ್ನು ಅಂಚಿನಿಂದ ತಳ್ಳದೆ ಮೊರಕ್ಕೆ ಬಳಿದುಕೊಳ್ಳುತ್ತಾರೆ. ನೀರು ಹೋಗುವ ತೂತಿಗೆ ಚಿಂದಿ ತುರುಕಿ, ಹಿಂಡಿದ ಅರಿವೆಯಿಂದ ನೆಲ ಒರೆಸಿ, ಹೊಲಸು ನೀರನ್ನು ಬಚ್ಚಲಿಗೆ ಹೊತ್ತು ಚೆಲ್ಲುತ್ತಾರೆ. ಹೊರಳಿಗೆ ಒಂದು ತಿಂಗಳು ಉಳಿದಾಗಂತೂ ಊರಿಗೆ ಊರೇ ತಿಳಿದವರ ಊರಾಗಿಬಿಡುತ್ತದೆ. ಬರುವ ವರ್ಷ ಯಾರು ಯಾರ ತಲೆಯ ಮೇಲೆ ಕೂರುತ್ತಾರೋ ಯಾರು ಬಲ್ಲರು? ಆ ತಿಂಗಳು ಮೆಟ್ಟಿಲ ಮೇಲೆ ನಡೆಯುವಷ್ಟು ನಮಸ್ಕಾರ ಮದುವೆಯ ಮನೆಯಲ್ಲೂ ನಡೆಯುವುದಿಲ್ಲ.

ಇಂಥ ಊರಿನಲ್ಲಿ ನಾನು ಹನ್ನೊಂದು ಹೊರಳು ತಳದ ಮನೆಯಲ್ಲೇ ಕಳೆದೆ. ಎಲ್ಲರೂ ಮೇಲೆ ಕೆಳಗೆ ಓಡಾಡಿದರು, ನನಗೆ ಮಾತ್ರ ಹನ್ನೊಂದು ಸಲ ಎದ್ದು ನೋಡಿದರೂ ಅದೇ ಬೊಡ್ಡೆ. ನಮ್ಮ ಕಟ್ಟಡದ ವಾಮನರಾವ್ ಮಾಸ್ತರರು ಪ್ರತಿ ಹೊರಳನ್ನೂ ವಹಿಯಲ್ಲಿ ಬರೆದುಕೊಂಡು ಮುಂದಿನದನ್ನು ಮೊದಲೇ ಹೇಳುತ್ತಾರೆ, ಒಂದು ಸಲವೂ ಸರಿ ಹೇಳಿದವರಲ್ಲ. ಅವರು ನನ್ನ ಮೇಲೆಯೇ ಸಿಟ್ಟಾಗಿದ್ದರು, ನಾನೇ ಹಟ ಹಿಡಿದು ಕೂತು ಅವರ ಗಣಿತ ಕೆಡಿಸುತ್ತಿದ್ದೇನೆ ಎಂಬಂತೆ. ನನ್ನನ್ನು ಆಯಿ ಎಂದು ಕರೆಯುವ, ಗಾದಿ ಹೊಲಿಯುವ ಹುಸೇನಸಾಬ ಮಾತ್ರ ನಗುತ್ತಿದ್ದ.

“ಆಯಿನ್ನ ಅಡಿಪಾಯಕ್ಕ ಇಟ್ಟಾರ್ರಿ ಮಾಸ್ತರ. ತಗದ್ರ ಕಟ್ಟಡ ಕುಂದರತೈತಿ.”

ತಳದಲ್ಲಿ ಕೂತವರಿಗೆ ನೆನಪು ದೊಡ್ಡದು. ನಾಲ್ಕನೇ ಹೊರಳಿನ ಶ್ರಾವಣದಲ್ಲಿ ಮಾಸ್ತರರ ಚಹಾದ ಗಸಿ ನನ್ನ ಕುಂಕುಮದ ಬಟ್ಟಲಿಗೆ ಬಿದ್ದದ್ದು, ಆರನೆಯದರಲ್ಲಿ ಹುಸೇನಸಾಬನ ಹತ್ತಿ ಹಾರಿ ಆರಲಿಟ್ಟ ಸಾರಿನ ಮೇಲೆ ಕೆನೆಯ ಹಾಗೆ ಕೂತದ್ದು, ಒಂದೂ ಮರೆತಿಲ್ಲ. ಆದರೆ ಅವೆಲ್ಲ ನಗುವ ಮಾತು. ನಗಲಾರದ ಮಾತು ಒಂದೇ, ಅದು ಚಂಪವ್ವನದು.

ಚಂಪವ್ವ ನನಗಿಂತ ಎರಡು ವರ್ಷ ಸಣ್ಣವಳು, ಗಂಡ ಅಡಿವೆಪ್ಪ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಅವರಿಗೆ ಮಕ್ಕಳಾಗಲಿಲ್ಲ. ನಾವಿಬ್ಬರೂ ಒಂದೇ ವರ್ಷ ಈ ಕಟ್ಟಡಕ್ಕೆ ಬಂದವರು. ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚಿಕೊಂಡು, ಒಂದೇ ಬುಟ್ಟಿಯಿಂದ ಎಲೆ ಅಡಿಕೆ ಹಾಕಿಕೊಂಡು ಇದ್ದವರು. ನನ್ನನ್ನು ಅವಳು ಹೆಸರು ಹಿಡಿದು ಕರೆದದ್ದಿಲ್ಲ, ಅಕ್ಕಾ ಎಂದೇ. ನಮ್ಮ ಸೊಸೆ ಕಸ್ತೂರಿಯ ಚೊಚ್ಚಲ ಬಸಿರಿಗೆ ಕುಬಸ ಗೊತ್ತಾದಾಗ ಇಬ್ಬರೂ ಕೂತು ಎರಡು ಸೀರೆಯ ತುಂಬ ಅಕ್ಕಿಯ ಸಂಡಿಗೆ ಹಾಕಿದೆವು. ನಾನು ಆ ವರ್ಷವೇ ಮೊದಲ ಸಲ ತಳಕ್ಕೆ ಬಂದಿದ್ದೆ, ನನ್ನ ಮೇಲಿನದೇ ಅವಳ ಮನೆ. ಮರುದಿನ ಮಧ್ಯಾಹ್ನ ಮೇಲಿನಿಂದ ದಬದಬನೆ ನೀರು ಬಂತು. ಬಟ್ಟೆಗೆ ಹಾಕುವ ನೀಲಿಯ ನೀರು. ಬೆಳ್ಳಗೆ ಅರಳಿದ ಸಂಡಿಗೆಯೆಲ್ಲ ನೀಲಿ. ತಲೆ ಎತ್ತಿದೆ. ಹಸಿರು ಬಳೆಯ ಕೈಯೊಂದು ಗಕ್ಕನೆ ಒಳಗೆ ಹೋಯಿತು.

ಹೋಗಿ ಕೇಳಿದೆ. ನಾನಲ್ಲ, ಇನ್ನೂ ಮೇಲಿಂದ ಬಂದಿರಬೇಕು ಎಂದಳು. ಹಾಗೆನ್ನುವಾಗ ಹಸಿರು ಬಳೆಯ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ನಾನು ಜಗಳಗಂಟಿಯಲ್ಲ. ಮೆಟ್ಟಿಲಿಳಿದು ಬಂದೆ, ಸಂಡಿಗೆ ಗುಡಿಸಿ ತೆಗೆದೆ, ಮಾತು ಬಿಟ್ಟೆ. ಸಂಡಿಗೆ ಮತ್ತೆ ಹಾಕಬಹುದಿತ್ತು. ನನಗೆ ಬೇಕಾಗಿದ್ದದ್ದು ‘ನಾನೇ’ ಎಂಬ ಒಂದು ಮಾತು. ಆ ಮಾತಿಗಾಗಿ ಹನ್ನೊಂದು ವರ್ಷ ಕಾದೆ. ಕುಬಸದ ಕೂಸು ಹುಟ್ಟಿ, ಹಲ್ಲು ಬಂದು, ಹಲ್ಲು ಬಿದ್ದು, ಮತ್ತೆ ಬಂದರೂ ಆ ಮಾತು ಬರಲಿಲ್ಲ.

ಹನ್ನೆರಡನೇ ಹೊರಳಿನ ಬೆಳಿಗ್ಗೆ ನಾನು ಇನ್ನೂ ಹಲ್ಲುಪುಡಿ ಕೈಯಲ್ಲಿಟ್ಟುಕೊಂಡಿದ್ದೆ. ಬಾಲ್ಕನಿಯಿಂದ ಕಸ್ತೂರಿಯ ಧ್ವನಿ ಬಂತು. ಅವಳು ಹೊಲಿಗೆ ಯಂತ್ರ ತುಳಿದು ಊರಿನ ಕುಪ್ಪಸಗಳನ್ನೆಲ್ಲ ಹೊಲಿಯುವವಳು, ಗಟ್ಟಿ ಹೆಣ್ಣು.

“ಅತ್ತಿ, ಬೊಡ್ಡಿ ಇಲ್ರಿ.”

“ಎಲ್ಲಿ ಹೋಗತೈತಿ ಬೊಡ್ಡಿ? ನೋಡ ಸರಿಯಾಗಿ.”

“ಕಾಗಿ ಕಾಣಾಕತ್ತೈತ್ರಿ. ಗೂಡಿನ್ಯಾಗ ಕುಂತೈತಿ. ನನ್ನ ನೋಡಾಕತ್ತೈತಿ.”

ಓಡಿ ಬಂದೆ. ಎಪ್ಪತ್ತೆರಡು ವರ್ಷದ ಮೊಳಕಾಲು ಓಡುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಹೌದು, ಕಾಗೆ. ಗೂಡು. ಮುಗಿಲು. ಊರಿನ ಮಾಳಿಗೆಗಳೆಲ್ಲ ಕೆಳಗೆ ರೊಟ್ಟಿ ಹರವಿದ ಹಾಗೆ ಬಿದ್ದಿದ್ದವು. ಎದುರು ಓಣಿಯ ಕಟ್ಟಡದ ತುದಿಯಲ್ಲಿ ಯಾವನೋ ಮುದುಕ ನನ್ನ ಹಾಗೆಯೇ ಬಾಯಿ ತೆರೆದು ನಿಂತಿದ್ದ. ಕೈ ಬೀಸಿದೆ, ಅವನೂ ಬೀಸಿದ. ಅಷ್ಟರಲ್ಲಿ ನಮ್ಮ ಕಾಲ ಕೆಳಗಿನಿಂದಲೇ ಕ್ಲಾರಿನೆಟ್ಟಿನ ಪೀಪೀ ಎದ್ದಿತು. ಕಸ್ತೂರಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಮ್ಮ ನೇರ ಕೆಳಗೆ ಚಂಪವ್ವ. ನನಗೆ ನಗು ಬಂತು. ಹಲ್ಲುಪುಡಿ ನೆತ್ತಿಗೇರಿತು, ಆದರೂ ನಗು ನಿಲ್ಲಲಿಲ್ಲ.

ಮುಖ ತೊಳೆದವಳೇ ದೊಡ್ಡ ಬಕೆಟ್ಟು ತುಂಬಿದೆ, ನೀಲಿ ಕದಡಿದೆ, ತಂದು ಬಾಲ್ಕನಿಯ ಕಟ್ಟೆಯ ಮೇಲೆ ಇಟ್ಟೆ. ಬರುವ ಹೊರಳಿನೊಳಗೆ ಅವಳು ಆ ಒಂದು ಮಾತು ಅನ್ನಬೇಕು, ಇಲ್ಲವಾದರೆ ಬಕೆಟ್ಟು ಬೋರಲಾಗುತ್ತದೆ ಎಂದು ಕಸ್ತೂರಿಗೆ ಹೇಳಿದೆ. ಕಸ್ತೂರಿಗೆ ಹೇಳಿದರೆ ಡಂಗುರ ಹೊಡೆಸುವುದು ಬೇಕಿಲ್ಲ. ಕುಪ್ಪಸದ ಅಳತೆ ಕೊಡಲು ಬಂದವರ ಬಾಯಲ್ಲಿ ಮಾತು ಮಧ್ಯಾಹ್ನದೊಳಗೆ ತಳದ ಮನೆ ಮುಟ್ಟಿತ್ತು.

ಆಮೇಲೆ ನೋಡಬೇಕಿತ್ತು ನನ್ನ ದರ್ಬಾರು. ಮೇಲಿನಿಂದ ಸುರುವಿದ ನೀರು ಚಂಪವ್ವನೊಬ್ಬಳ ಮೇಲೆ ನಿಲ್ಲುವುದಿಲ್ಲವಲ್ಲ, ನಾಲ್ಕೂ ಮನೆಗೆ ಪಾಲು ಉಂಟು. ಹುಸೇನಸಾಬ ಹೊಸ ಹತ್ತಿ ತುಂಬಿದ ಮೆತ್ತೆಯೊಂದನ್ನು ಹೊತ್ತು ತಂದ, ಕಾವಲು ಕೂರುವಾಗ ಆಯಿಗೆ ಸೊಂಟ ನೋಯಬಾರದಂತೆ. ಸುರುವುವ ಹಿಂದಿನ ದಿನ ಒಂದು ಮಾತು ಹೇಳಿದರೆ ಗಾದಿಗಳನ್ನು ಒಳಗೆಳೆದುಕೊಳ್ಳುತ್ತೇನೆ ಎಂದು ಕೈ ಮುಗಿದ. ಮಾಸ್ತರರು ಒಂದು ಚಿತ್ರ ಬರೆದು ತಂದರು. ಬಕೆಟ್ಟನ್ನು ಎಷ್ಟು ಓರೆ ಮಾಡಿದರೆ ನೀರು ಚಂಪವ್ವನ ಬಾಲ್ಕನಿಯಲ್ಲಿ ಮುಗಿದು ತಮ್ಮ ಬಿಳಿ ಧೋತರ ಮುಟ್ಟುವುದಿಲ್ಲ ಎಂದು ಅದರಲ್ಲಿ ಗೆರೆ ಎಳೆದಿತ್ತು. ತಳದ ಮನೆ ಈಗ ಅವರದೇ ಆಗಿತ್ತು, ಬೊಡ್ಡೆ ನೋಡಿ ನೋಡಿ ಅವರಿಗೆ ಜೀವ ಬೇಸತ್ತಿತ್ತು. ಅಡಿವೆಪ್ಪ ದಿನಾ ಸಂಜೆ ಕೆಳಗಿನಿಂದ, ವೈನೀ, ಇವತ್ತು ಯಾವ ಹಾಡು ಊದಲಿ ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ನಾನು ಹೇಳಿದ ಹಾಡಿಗೆ ಚಂಪವ್ವ ಒಳಗಿನಿಂದ ಪಾತ್ರೆ ಕುಕ್ಕುತ್ತಿದ್ದಳು, ಅದು ತಾಳಕ್ಕೇ ಬೀಳುತ್ತಿತ್ತು.

ಮಾತು ಮಾತ್ರ ಅವಳ ಕಡೆಯಿಂದ ಬರಲಿಲ್ಲ. ಒಂದು ದಿನ ಬಗ್ಗಿ ನೋಡುತ್ತೇನೆ, ನನ್ನ ಬಕೆಟ್ಟಿನ ನೇರ ಕೆಳಗೆ ಒಂದು ಬಿಳಿಯ ಸೀರೆ ಹಾಸಿ, ಅದರ ತುಂಬ ಅಕ್ಕಿಯ ಸಂಡಿಗೆ ಹಾಕಿದ್ದಾಳೆ. ಸಂಡಿಗೆಯ ಕಾಲವೂ ಅದಲ್ಲ, ಕಾರ್ತಿಕದ ಮೋಡ. ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಸುರುವು ನೋಡೋಣ ಅನ್ನಾಕತ್ತಾರ್ರಿ ಅತ್ತಿ.”

ಬಕೆಟ್ಟಿನ ಕಿವಿ ಹಿಡಿದೆ. ಕೈ ಏಳಲಿಲ್ಲ. ಅನ್ನದ ಮೇಲೆ ನೀಲಿ ಸುರುವಲು ನಾನೇನು ಚಂಪವ್ವನೇ ಎಂದು ಗಟ್ಟಿಯಾಗಿ ಅಂದು ಒಳಗೆ ಬಂದೆ, ಅವಳಿಗೆ ಕೇಳಿಸಲೆಂದೇ. ಮರುದಿನವೂ ಸಂಡಿಗೆ. ಮೂರನೆಯ ದಿನವೂ. ಒಣಗಿದ್ದನ್ನು ಡಬ್ಬಿಗೆ ತುಂಬುವುದು, ಹೊಸದು ಹಾಕುವುದು. ಅವಳು ಮಳೆಯ ದಿನ ಬಿಟ್ಟು ಉಳಿದ ದಿನವೆಲ್ಲ ಸಂಡಿಗೆ ಹಾಕಿದಳು, ನಾನು ದಿನಾ ಸುರುವದೆ ಬಿಟ್ಟೆ. ಬಕೆಟ್ಟಿನಲ್ಲಿ ಸೊಳ್ಳೆ ಆಗಬಾರದೆಂದು ಸೋಮವಾರಕ್ಕೊಮ್ಮೆ ನೀರು ಬದಲಿಸುತ್ತಿದ್ದೆ. ಹಳೆಯ ನೀರನ್ನು ಬಚ್ಚಲಿಗೆ ಹೊತ್ತು ಚೆಲ್ಲುತ್ತಿದ್ದೆ, ಹನಿ ಕೆಳಗೆ ಬೀಳದಂತೆ. ಇದನ್ನು ನೋಡಿ ಕಸ್ತೂರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವೈರಿಯ ಮೇಲೆ ಸುರುವುವ ನೀರನ್ನು ಇಷ್ಟು ಮಡಿಯಿಂದ ಕಾಯುವವರನ್ನು ಅವಳು ಕಂಡಿರಲಿಲ್ಲವಂತೆ.

ಹೀಗೆ ವರ್ಷ ಸರಿಯಿತು. ಕಾರಹುಣ್ಣಿಮೆಯ ಸಂಜೆ ಹೋಳಿಗೆ ಉಂಡು ನಾನೂ ಕಸ್ತೂರಿಯೂ ಬಾಲ್ಕನಿಯಲ್ಲಿ ಕೂತೆವು. ನಾಳೆ ಬೆಳಗಾದರೆ ಕಾಗೆಯ ಗೂಡು ಯಾರ ಪಾಲೋ. ಕಸ್ತೂರಿ ನನ್ನ ನೆನಪನ್ನು ಕೆದಕುತ್ತ ಕೂತಳು, ಮಾಸ್ತರರು ಎಷ್ಟು ಸಲ ಚೆಲ್ಲಿದರು, ಹುಸೇನಸಾಬ ಎಷ್ಟು ಸಲ. ನಾನು ತಿಥಿ ವಾರ ಸಮೇತ ಹೇಳಿದೆ. ಆಮೇಲೆ ಅವಳು ದಾರ ಕಡಿಯುತ್ತ ಕೇಳಿದಳು.

“ಆ ಸಂಡಿಗಿ ಆದ ಮ್ಯಾಲೂ ಚಂಪಕ್ಕಾರು ನಾಕ ಹೊರಳು ನೇರ ನಮ್ಮ ನೆತ್ತಿ ಮ್ಯಾಲ ಇದ್ರಲ್ರಿ. ಆವಾಗ ಏನೇನ ಬಿತ್ತು?”

ಹೇಳಲು ಬಾಯಿ ತೆರೆದೆ. ಹುಡುಕಿದೆ. ಎರಡನೇ ಹೊರಳು, ಐದನೆಯದು, ಏಳು, ಹತ್ತು. ದೀಪಾವಳಿ ನೋಡಿದೆ, ಶ್ರಾವಣ ನೋಡಿದೆ. ಒಂದು ಹನಿ ಇಲ್ಲ. ಒಂದು ಕೂದಲು ಇಲ್ಲ. ಸೌಟು ಬಡಿದ ಸದ್ದೂ ಇಲ್ಲ, ಯಾಕೆಂದರೆ ಬಡಿಯುವುದಕ್ಕೆ ನೀರನ್ನೇ ಹಾಕಿರಲಿಲ್ಲ. ನಾಲ್ಕು ವರ್ಷ ಆ ಹೆಂಗಸು ಹಿಂಡಿದ ಅರಿವೆಯಿಂದ ನೆಲ ಒರೆಸಿದ್ದಳು, ಮೊಳಕಾಲೂರಿ. ತಳದಲ್ಲಿ ಕೂತು ನಾನು ಬಿದ್ದದ್ದನ್ನೆಲ್ಲ ನೆನಪಿಟ್ಟೆ, ಬೀಳದೆ ಇದ್ದದ್ದನ್ನು ಎಣಿಸಿರಲೇ ಇಲ್ಲ.

ನಾನು ಒಂದು ತೀರ್ಮಾನಕ್ಕೆ ಬಂದು ಮಲಗಿದೆ. ನಸುಕಿಗೆ ಏಳುವುದು, ಹೊರಳುವ ಮೊದಲೇ ಮೂರು ಬಡಿಯುವುದು. ಚಂಪವ್ವ ಯಾವಾಗಲೂ ಕೋಳಿ ಕೂಗುವ ಮೊದಲೇ ಏಳುವವಳು, ಕೇಳಿಸಿಕೊಳ್ಳುತ್ತಾಳೆ. ಅವಳು ಎರಡು ಬಡಿದರೆ ಸುರುವಿಬಿಡುವುದು. ಒಂದು ಬಡಿದರೆ ಬಚ್ಚಲಿಗೆ ಚೆಲ್ಲಿ, ಬಕೆಟ್ಟು ಬೋರಲು ಹಾಕಿ, ಈ ವ್ಯಾಜ್ಯ ಮರೆತುಬಿಡುವುದು. ಇನ್ನೊಂದು ವರ್ಷ ಕಾಯಲು ನನ್ನಲ್ಲಿ ವರ್ಷಗಳು ಅಷ್ಟೊಂದು ಉಳಿದಿರಲಿಲ್ಲ. ಮತ್ತೆ, ಅಡಿವೆಪ್ಪನ ಹಾಡಿಗೆ ಒಬ್ಬಳೇ ತಲೆದೂಗಿ ಬೇಸರ ಬಂದಿತ್ತು.

ನಸುಕಿಗೆ ಎದ್ದೆ. ಕಣ್ಣಿನಲ್ಲಿ ಪೊರೆ, ಹೊರಗೆ ಮಬ್ಬು. ಸೌಟು ತೆಗೆದುಕೊಂಡು ಬಾಲ್ಕನಿಗೆ ಬಂದೆ. ಸರಳಿಗೆ ಮೂರು ಸಲ ಬಡಿದೆ. ಉತ್ತರ ಬಂತು. ಟಣ್. ಬಕೆಟ್ಟಿನ ಕಿವಿ ಹಿಡಿದೆ. ಮತ್ತೊಂದು, ಟಣ್.

ಎರಡು. ಸುರುವು ಎಂದಳು. ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ಎಂಥ ಗಂಡೆದೆಯ ಹೆಂಗಸು ಎಂದುಕೊಂಡು ಎರಡೂ ಕೈಯಿಂದ ಬಕೆಟ್ಟು ಎತ್ತಿ ಬೋರಲು ಹಾಕಿದೆ. ತುದಿಯಿಂದ ಬಿದ್ದ ನೀರು ಕೆಳಗೆ ಮುಟ್ಟಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಕಿವಿಯಾನಿಸಿ ಕೇಳಬೇಕು ಎಂದುಕೊಂಡಿದ್ದೆ. ಆದರೆ ಸುರುವಿದ ಕೂಡಲೇ ಸದ್ದು ಬಂತು, ತೀರ ಹತ್ತಿರ. ನೀರು ನನ್ನ ಮುಖಕ್ಕೇ ಸಿಡಿಯಿತು. ಕಣ್ಣೊರೆಸಿಕೊಂಡು ನೋಡುತ್ತೇನೆ, ಎದುರಿಗೆ ಕಾಗೆ ಇಲ್ಲ, ಗೂಡಿಲ್ಲ. ಬೊಡ್ಡೆ. ಕಟ್ಟಡ ಆಗಲೇ ಹೊರಳಿ, ನನ್ನನ್ನು ಮತ್ತೆ ತಳದಲ್ಲಿ ಕೂರಿಸಿತ್ತು. ಬೊಡ್ಡೆಗೂ ನನಗೂ ನಡುವೆ, ಸರಳಿನಾಚೆ ಮೊಳದ ದೂರದಲ್ಲಿ, ನೆಲದ ಮೇಲೆ ಒಂದು ಆಕಾರ ನಿಂತಿತ್ತು. ತಲೆಯಿಂದ ಕಾಲಿನವರೆಗೆ ನೀಲಿ. ಕೈಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಸಂಡಿಗೆ, ಅದೂ ನೀಲಿ. ಸರಳಿನ ಮೇಲೆ ಇನ್ನೂ ಇಟ್ಟೇ ಇದ್ದ ಕೈಯಲ್ಲಿ ಹಸಿರು ಬಳೆ.

ಆಮೇಲೆ ಗೊತ್ತಾಯಿತು. ಅವಳು ನನಗಿಂತ ಮೊದಲೇ ಎದ್ದು ಬಾಲ್ಕನಿಗೆ ಬಂದು ಕಾಗೆಯ ಗೂಡನ್ನು ಕಂಡಿದ್ದಳು. ತಾನು ತುದಿಗೆ ಬಂದೆ, ಇನ್ನು ಅಕ್ಕನ ಬಕೆಟ್ಟು ತನ್ನ ಮೇಲೆ ಬೀಳುವುದಿಲ್ಲ, ಅಂಜಿ ಒಪ್ಪಿಕೊಂಡಳು ಎಂದು ಯಾರೂ ಅನ್ನುವಂತಿಲ್ಲ ಎಂದು ತಿಳಿದದ್ದೇ ತಡ, ವರ್ಷವಿಡೀ ಹಾಕಿದ ಸಂಡಿಗೆಯ ಬುಟ್ಟಿ ಹೊತ್ತು ಐದೂ ಅಂತಸ್ತು ಇಳಿದು, ಬಾಲ್ಕನಿ ಬಾಲ್ಕನಿ ಹಣಕಿ ನನ್ನನ್ನು ಹುಡುಕುತ್ತ ಬಂದಿದ್ದಳು. ಸರಳಿನ ಹತ್ತಿರ ಬರುವುದಕ್ಕೂ ನಾನು ಮೂರು ಬಡಿಯುವುದಕ್ಕೂ ಸರಿಹೋಯಿತು. ಒಂದು ಬಡಿದಿದ್ದರೆ ಸಾಕಿತ್ತು. ಎಲ್ಲ ನೋಡಿಕೊಂಡೇ ಬಳೆಯ ಕೈಯಿಂದ ಎರಡು ಬಡಿದಿದ್ದಳು.

ನೀಲಿ ಹನಿ ಗದ್ದದಿಂದ ಇಳಿಯುತ್ತಿದ್ದ ಹಾಗೆಯೇ ಅವಳು ಬಾಯಿ ತೆರೆದಳು.

“ನಾನ ಸುರುವಿದ್ದೆ ಅಕ್ಕಾ.”

ಹನ್ನೆರಡು ವರ್ಷದ ಮೇಲೆ ಅಕ್ಕಾ ಅಂದದ್ದು. ನಾನು ಬಕೆಟ್ಟು ಬೋರಲಿಟ್ಟು ಅದರ ಮೇಲೆ ಕೂತೆ.

“ಬಕೀಟ ಜಾರಿತು. ಬೇಕಂತ ಮಾಡಲಿಲ್ಲ. ಕುಬಸದ ಸಂಡಿಗಿ ಅದು. ಮಕ್ಕಳಿಲ್ಲದಾಕಿ ಹೊಟ್ಟಿಕಿಚ್ಚಿಗೆ ಸುರುವಿದ್ಲು ಅಂತಾರ ಅಂತ ಅಂಜಿದೆ. ನೀನೂ ಎಲ್ಲಿ ಹಂಗ ಅಂತೀಯೋ ಅಂತ, ನಾನಲ್ಲ ಅಂದೆ.”

ನಾನು ಹಾಗೆ ಅನ್ನುತ್ತಿದ್ದೆನೇ? ಇಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಅವಳ ಮೂಗಿನ ತುದಿಯಲ್ಲಿ ಒಂದು ನೀಲಿ ಹನಿ ತೂಗಾಡುತ್ತಿತ್ತು, ಬೀಳಲೋ ಬೇಡವೋ ಎಂದು. ಅದನ್ನೇ ನೋಡುತ್ತಿದ್ದೆ. ಅದು ಬಿತ್ತು. ನನಗೆ ನಗು ಬಂತು. ತಡೆದೆ, ಮತ್ತೆ ಬಂತು. ಚಂಪವ್ವ ನನ್ನ ಮುಖ ನೋಡಿ, ನಿನ್ನ ಹಲ್ಲೂ ನೀಲಿ ಆಗೈತಿ ಎಂದಳು. ಅಲ್ಲಿಗೆ ಮುಗಿಯಿತು. ಇಬ್ಬರೂ ಸರಳು ಹಿಡಿದುಕೊಂಡು, ಅವಳು ಹೊರಗೆ ನಾನು ಒಳಗೆ, ಪಕ್ಕೆ ನೋಯುವ ತನಕ ನಕ್ಕೆವು. ಹುಣಸೆಯ ಮೇಲಿನ ಕಾಗೆ ಎದ್ದು ಹಾರಿಹೋಯಿತು.

ಅಷ್ಟರಲ್ಲಿ ಬೆಳಕು ಹರಿದು, ಎಲ್ಲರೂ ತಂತಮ್ಮ ಅಂತಸ್ತು ನೋಡಲು ಬಾಲ್ಕನಿಗೆ ಬಂದಿದ್ದರು. ಹುಸೇನಸಾಬ ಕೆಳಗೆ ನೋಡಿ, ಯಾ ಅಲ್ಲಾ, ಆಯಿ ಸುರುವೇಬಿಟ್ಲು ಎಂದು ಗಾದಿ ಒಳಗೆಳೆಯಲು ಓಡಿದ. ನಮ್ಮ ನೇರ ಮೇಲಿನ ಮನೆ ಈ ಸಲ ಮಾಸ್ತರರದು. ಅವರು ವಹಿ ತೆರೆದು, ಕನ್ನಡಕ ಏರಿಸಿ, ಕೆಳಗೆ ನಿಂತ ನೀಲಿ ಹೆಂಗಸನ್ನು ಬಹಳ ಹೊತ್ತು ನೋಡಿದರು.

“ತಳದಾಗ ಚಂಪವ್ವ ಅಂತ ಬರದಿದ್ದೆ. ನೋಡ್ರಿ, ತಳದಾಗ ಚಂಪವ್ವನ ಇದ್ದಾಳ. ಮೂವತ್ತ ವರ್ಷಕ್ಕ ಒಂದ ಸಲ ಸರಿ ಬಂತು.”

ಅವರ ಸಂತೋಷ ಕೆಡಿಸಲು ಯಾರಿಗೂ ಮನಸ್ಸಾಗಲಿಲ್ಲ. ಕಸ್ತೂರಿ ಟವೆಲು ತಂದು ಚಂಪವ್ವನ ತಲೆ ಒರೆಸಿ, ಎಣ್ಣೆ ಕಾಸಲು ಒಳಗೆ ಹೋದಳು. ಆ ಸಂಡಿಗೆಯನ್ನು ತಿನ್ನುವ ಹಾಗಿರಲಿಲ್ಲ. ಬೊಡ್ಡೆಯ ಬುಡಕ್ಕೆ ಹಾಕಿದೆವು, ಅಳಿಲುಗಳು ಮೂಸಿ ನೋಡಿ ತಿರುಗಿ ಹೋದವು. ಬೇರೆ ಸಂಡಿಗೆಯನ್ನು ಇಬ್ಬರೂ ಕೂತು ಹಾಕುವುದೆಂದು ಆಯಿತು.

ಈಗ ಚಂಪವ್ವ ಕಾಗೆಯ ಗೂಡಿನ ಮನೆಯಲ್ಲಿದ್ದಾಳೆ, ನಾನು ಬೊಡ್ಡೆಯ ಹತ್ತಿರ. ನಡುವೆ ಮೂರು ಮನೆ. ದಿನಾ ಬೆಳಿಗ್ಗೆ ಅವಳು ಮೇಲಿನಿಂದ ಮೂರು ಬಡಿಯುತ್ತಾಳೆ, ನಾನು ಕೆಳಗಿನಿಂದ ಎರಡು ಬಡಿಯುತ್ತೇನೆ. ಎದ್ದೆಯಾ ಎಂದು ಅವಳು ಕೇಳುವುದು, ಎದ್ದೆ ಎಂದು ನಾನು ಹೇಳುವುದು, ಅಷ್ಟೇ. ನೀರು ಮಾತ್ರ ಬರುವುದಿಲ್ಲ. ಆದರೆ ಪದ್ಧತಿ ಪದ್ಧತಿಯೇ ನೋಡಿ. ಪಾಪ, ನಡುವಿನ ಮೂರೂ ಮನೆಯವರು ದಿನಾ ತಪ್ಪದೆ ಬಟ್ಟೆ, ಗಾದಿ, ಧೋತರ ಎಲ್ಲವನ್ನೂ ಒಳಗೆ ತೆಗೆದುಕೊಂಡು, ಬಾಗಿಲ ಸಂದಿಯಿಂದ ಮೇಲೆ ನೋಡುತ್ತ ನಿಂತಿರುತ್ತಾರೆ.